ದಾಕ್ಷಾಯಿಣಿಯ ಹಲ್ಲಚ್ಚು

ನನ್ನ ಮಗಳು ದಾಕ್ಷಾಯಿಣಿ ಕಾಣೆಯಾಗಿದ್ದಾಳೆ ಎಂಬ ನೋಟೀಸು ಬರೆದವನು ನಾನೇ. ಕಚೇರಿಯಲ್ಲಿ ಕೂತು ಬರೆಯಲು ಕೈ ಬರಲಿಲ್ಲವೆಂದು ಕಾಗದವನ್ನು ಮನೆಗೆ ತಂದಿದ್ದೆ. ಬರೆಯುತ್ತಿದ್ದಾಗ ಪಕ್ಕದಲ್ಲಿ ಕಾಫಿ ತಂದಿಟ್ಟು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಎತ್ತರ ಐದಡಿ ಎರಡಿಂಚು ಅಂತ ಬರೀರಿ ಅಪ್ಪಾಜಿ, ಐದಡಿ ಅಂತ ಬರೆದುಬಿಟ್ಟಿದೀರಲ್ಲ" ಎಂದು ತಿದ್ದಿದವಳು ದಾಕ್ಷಾಯಿಣಿಯೇ. ನಾನು ಆ ಎರಡಿಂಚು ಸೇರಿಸಿದೆ. ದಾಖಲೆ ಎಂದಮೇಲೆ ಸರಿಯಾಗಿರಬೇಕು.

ನಮ್ಮ ಊರಿನಲ್ಲಿ ಯಾರೂ ಸಹಿ ಹಾಕುವುದಿಲ್ಲ, ಹೆಬ್ಬೆಟ್ಟು ಒತ್ತುವುದಿಲ್ಲ, ಕಚ್ಚುತ್ತಾರೆ. ಬಿಸಿನೀರಿನಲ್ಲಿ ಮೆದುಮಾಡಿದ ಜೇನುಮೇಣದ ಬಿಲ್ಲೆಯನ್ನು ಬಾಯಿಗಿಟ್ಟುಕೊಂಡು, ಮೂರು ಎಣಿಸುವ ತನಕ ಕಚ್ಚಿ ಹಿಡಿದು, ತೆಗೆದುಕೊಟ್ಟರೆ ಮುಗಿಯಿತು. ಮದುವೆಗೂ ಅದೇ, ಮನೆ ಕೊಳ್ಳುವುದಕ್ಕೂ ಅದೇ, ನೌಕರಿಯ ಹಾಜರಿಗೂ ಅದೇ. ಹದಿನೆಂಟು ತುಂಬಿದ ದಿನ ಕೊಡುವ ಮೊದಲ ಬಿಲ್ಲೆಗೆ ತಾಯಿಬಿಲ್ಲೆ ಎಂದು ಹೆಸರು. ಅದು ಹಲ್ಲಚ್ಚಿನ ಕಚೇರಿಯ ಬೀರುವಿನಲ್ಲಿ ಕೂರುತ್ತದೆ. ಆಮೇಲೆ ಜೀವಮಾನವೆಲ್ಲ ಕಚ್ಚಿದ್ದನ್ನು ಅದಕ್ಕೆ ತಾಳೆ ನೋಡುತ್ತಾರೆ. ತಾಳೆ ನೋಡುವವನು ನಾನು. ಹೆಸರು ರೇವಣಸಿದ್ದಯ್ಯ, ಹಿರಿಯ ಗುಮಾಸ್ತ, ಇಪ್ಪತ್ತೊಂಬತ್ತು ವರ್ಷದ ಸರ್ವೀಸು. ಬೇಸಿಗೆಯಲ್ಲಿ ಬೀರುಗಳ ಮುಂದೆ ಲಾವಂಚದ ಪರದೆ ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುವುದೂ ನನ್ನ ಕೆಲಸವೇ. ಮರೆತರೆ ಅರ್ಧ ಊರು ಕರಗಿಹೋಗುತ್ತದೆ.

ಈ ಕೆಲಸದಲ್ಲಿ ನನಗೆ ಒಂದು ದೋಷ ಅಂಟಿಕೊಂಡಿದೆ, ಒಪ್ಪಿಕೊಂಡುಬಿಡುತ್ತೇನೆ. ರಸ್ತೆಯಲ್ಲಿ ಯಾರಾದರೂ ಎದುರಾಗಿ ಕೈಮುಗಿದರೆ ಗುರುತು ಹತ್ತುವುದಿಲ್ಲ. ಅವರು ನಕ್ಕರೆ ಹತ್ತುತ್ತದೆ. ಮೇಲಿನ ಕೋರೆಹಲ್ಲು ಒಳಕ್ಕೆ ತಿರುಗಿದೆಯಲ್ಲ, ಇವರು ಎಣ್ಣೆ ಗಾಣದ ಸಿದ್ಲಿಂಗಪ್ಪನವರು ಎಂದು ಆಗ ಮಾತಾಡಿಸುತ್ತೇನೆ. ಹೊಸದಾಗಿ ಮದುವೆಯಾದಾಗ ನನ್ನ ಹೆಂಡತಿ ನೀಲಮ್ಮ ಒಂದು ತಿಂಗಳು ನಾಚಿಕೆಯಿಂದ ಬಾಯಿಗೆ ಸೆರಗು ಮುಚ್ಚಿಕೊಂಡೇ ಓಡಾಡಿದಳು. ಆ ತಿಂಗಳಲ್ಲಿ ನಾನು ಸಂತೆಯಲ್ಲಿ ಎರಡು ಸಲ ಬೇರೆಯವರ ಹೆಂಡತಿಯ ಹಿಂದೆ ಚೀಲ ಹಿಡಿದು ಹೋಗಿ ಬೈಸಿಕೊಂಡೆ.

ದಾಕ್ಷಿ ನಮಗೆ ಒಬ್ಬಳೇ ಮಗಳು. ಅವಳ ಕೆಳದವಡೆ ಮುಂದಕ್ಕೆ ಬೆಳೆದು, ಎಡಕ್ಕೆ ವಾಲಿತ್ತು. ಬಾಯಿ ಮುಚ್ಚಿದರೆ ಮುಂದಿನ ಹಲ್ಲುಗಳು ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ಹಿಂದಿನ ಎರಡು ದವಡೆಹಲ್ಲು ಮಾತ್ರ ಒಂದನ್ನೊಂದು ಮುಟ್ಟುತ್ತಿದ್ದವು. ಹದಿನೆಂಟನೆಯ ವರ್ಷದಲ್ಲಿ ಅವಳು ಕೊಟ್ಟ ತಾಯಿಬಿಲ್ಲೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಮೈ ಜುಮ್ಮೆಂದಿತು. ಅಂಥ ಅಚ್ಚು ಊರಿನಲ್ಲಿ ಇನ್ನೊಂದಿರಲಿಲ್ಲ. ನಕಲು ಮಾಡಲು ಯಾವ ಕಳ್ಳನಿಂದಲೂ ಆಗುತ್ತಿರಲಿಲ್ಲ. ಕಚೇರಿಗೆ ಹೊಸ ಗುಮಾಸ್ತರು ಬಂದಾಗಲೆಲ್ಲ ನಾನು ಅದನ್ನು ಹೊರಗೆ ತೆಗೆದು, "ನೋಡ್ರಪ್ಪ, ಅಚ್ಚು ಅಂದ್ರೆ ಹೀಗಿರಬೇಕು" ಎಂದು ತೋರಿಸುತ್ತಿದ್ದೆ. ಯಾರ ಮಗಳದು ಎಂದು ಹೇಳಲು ಮರೆಯುತ್ತಿರಲಿಲ್ಲ.

ಆ ಅಚ್ಚಿನ ಒಳಗೆ ಒಬ್ಬ ಹುಡುಗಿ ಹೇಗೆ ಬದುಕಿದ್ದಾಳೆಂದು ನನಗೆ ಹೊಳೆದದ್ದು ಅವಳಿಗೆ ಇಪ್ಪತ್ತಮೂರು ತುಂಬಿದಮೇಲೆ, ಅದೂ ನೀಲಮ್ಮ ಬಾಯಿಬಿಟ್ಟು ಹೇಳಿದಮೇಲೆ. ದಾಕ್ಷಿಗೆ ಬೆಳಗೆದ್ದರೆ ಕಿವಿನೋವು, ಸಂಜೆಯಾದರೆ ತಲೆನೋವು. ಕಷ್ಟ ಬಂದಾಗ ಅವುಡುಗಚ್ಚಿ ಸಹಿಸಿಕೊಳ್ಳಬೇಕು ಎನ್ನುತ್ತೇವಲ್ಲ, ಅವಳಿಗೆ ಆ ಭಾಗ್ಯವೂ ಇರಲಿಲ್ಲ. ಅವಳು ಸ್ಕೂಲಿನಲ್ಲಿ ಒಂದನೇ ಕ್ಲಾಸಿಗೆ ಹಂಗಾಮಿ ಟೀಚರು. ನಾಲಿಗೆ ಹಲ್ಲಿನ ಸಂದಿಯಿಂದ ಹೊರಗೆ ಬಂದುಬಿಡುತ್ತಿದ್ದುದರಿಂದ ಅವಳ ಕೈಯಲ್ಲಿ ಕಲಿತ ಮಕ್ಕಳೆಲ್ಲ ಸರಸ್ವತಿಯನ್ನು ಥರಥ್ವತಿ ಎನ್ನುತ್ತಿದ್ದರು. ತಾಯಂದಿರು ಮೂಗು ಮುರಿಯುತ್ತಿದ್ದರು. ಮಕ್ಕಳು ಮಾತ್ರ ಟೀಚರು ಹೇಳಿದ್ದೇ ಸರಿ ಎಂದು ಹಟ ಹಿಡಿಯುತ್ತಿದ್ದವು.

"ಹುಟ್ಟಿದಾಗಿಂದ ಅವಳು ಒಂದು ಸೀಬೆಕಾಯಿ ಕಚ್ಚಿ ತಿಂದಿದ್ದು ನೋಡಿದೀರಾ ನೀವು?" ಎಂದು ಕೇಳಿದಳು ನೀಲಮ್ಮ. ನಾನು ಯೋಚಿಸಿದೆ. ನೋಡಿರಲಿಲ್ಲ. "ರೊಟ್ಟೀನ ಸಾರಲ್ಲಿ ನೆನೆಸಿ ನೆನೆಸಿ ನುಂಗ್ತಾಳೆ. ಮದುವೆ ಮನೇಲಿ ಚಿರೋಟಿ ಬಡಿಸಿದ್ರೆ ಹೊಟ್ಟೆ ತುಂಬಿದೆ ಅಂತಾಳೆ. ನೀವು ಅವಳ ಹಲ್ಲು ಎಣಿಸ್ಕೊಂಡು ಕೂತಿದೀರಿ." ನಾನು ಅವಳ ಹಲ್ಲನ್ನು ಸಾವಿರ ಸಲ ನೋಡಿದ್ದೆ. ಉಣ್ಣುವುದನ್ನು ನೋಡಿರಲಿಲ್ಲ. ಆ ದಿನ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹೊಳೆಯಾಚೆಯ ದೊಡ್ಡ ಊರಿನಲ್ಲಿ ದವಡೆ ಕತ್ತರಿಸಿ ಸರಿಯಾಗಿ ಕೂರಿಸುವ ಡಾಕ್ಟರೊಬ್ಬರಿದ್ದರು, ನಾಗವೇಣಿ ಎಂದು. ಮೂವರೂ ಹೋದೆವು. ಡಾಕ್ಟರು ದಾಕ್ಷಿಯ ಬಾಯಿಗೆ ಗಾರೆಯಂಥ ಹಿಟ್ಟನ್ನು ತುಂಬಿ ಅಳತೆ ತೆಗೆದು, ಮೇಲಿನ ದವಡೆಯದೊಂದು ಕೆಳಗಿನದೊಂದು ಪ್ಲಾಸ್ಟರಿನ ಪಡಿಯಚ್ಚು ಮಾಡಿ, ಹಿತ್ತಾಳೆ ಕೀಲಿಗೆ ಸಿಕ್ಕಿಸಿ ಮೇಜಿನ ಮೇಲಿಟ್ಟರು. ಅದನ್ನು ತೆರೆದು ಮುಚ್ಚಿ ತೋರಿಸುತ್ತ, ಇಲ್ಲಿ ಕತ್ತರಿಸುತ್ತೇನೆ, ಇಷ್ಟು ಹಿಂದಕ್ಕೆ ತಳ್ಳುತ್ತೇನೆ, ಇಲ್ಲಿ ಸಣ್ಣ ತಗಡು ಇಟ್ಟು ತಿರುಪು ಹಾಕುತ್ತೇನೆ ಎಂದು ವಿವರಿಸಿದರು. ಎಲ್ಲವನ್ನೂ ಕೇಳಿಸಿಕೊಂಡು ನಾನು ಕೈಮುಗಿದು, "ಏನು ಬೇಕಾದ್ರೂ ಮಾಡಿ ಡಾಕ್ಟ್ರೇ, ಹಲ್ಲಿಗೆ ಹಲ್ಲು ಕೂರೋ ರೀತಿ ಒಂದನ್ನ ಮಾತ್ರ ಬದಲಾಯಿಸಬೇಡಿ" ಎಂದೆ. ಡಾಕ್ಟರು ಪಡಿಯಚ್ಚನ್ನು ಮುಚ್ಚಿಟ್ಟು, "ಯಜಮಾನ್ರೇ, ನಾನು ಬದಲಾಯಿಸೋದೇ ಅದನ್ನ" ಎಂದರು. ಅವರು ಹೊಳೆಯಾಚೆಯವರು, ನಮ್ಮ ವ್ಯವಹಾರ ಅವರಿಗೇನು ಗೊತ್ತು ಎಂದುಕೊಂಡೆ. ಹೇಗೋ ಮುಖ ಮಾತ್ರ ಸರಿಹೋಗಿ ಅಚ್ಚು ಹಾಗೇ ಉಳಿಯುತ್ತದೆ ಎಂದು ನನ್ನ ಎಣಿಕೆ. ನಮ್ಮ ಊರಿನ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು.

ಒಂದೂವರೆ ವರ್ಷ ಹಲ್ಲಿಗೆ ತಂತಿ ಕಟ್ಟಿದರು. ಆಮೇಲೆ ಆಪರೇಷನ್. ಐದು ತಾಸು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಹೊರಗೆ ಕರೆತಂದಾಗ ಅವಳ ಮುಖ ಊದಿ ಕುಂಬಳಕಾಯಿಯಾಗಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರು ಬಿಗಿದು ಬಾಯಿ ಕಟ್ಟಿದ್ದರು. ಆರು ವಾರ ಗಂಜಿ, ತಿಳಿಸಾರು, ಮಜ್ಜಿಗೆ, ಎಲ್ಲವೂ ಪಿಚಕಾರಿಯಲ್ಲಿ. ಮಾತಿಗೆ ಬದಲು ಸ್ಲೇಟು. ಮೊದಲ ದಿನ ಅವಳು ಸ್ಲೇಟಿನಲ್ಲಿ ಬರೆದದ್ದು, "ಹಸಿವು." ಎರಡನೇ ದಿನ ಬರೆದದ್ದೂ ಅದೇ. ಊತ ಇಳಿದು, ರಬ್ಬರು ಬಿಚ್ಚಿ, ಮೆತ್ತನೆಯ ಅನ್ನಕ್ಕೆ ಬಂದಮೇಲೂ ಕೆಳತುಟಿಯ ಜೋಮು ಮಾತ್ರ ಉಳಿದುಕೊಂಡಿತು. ತುಟಿಯ ಮೇಲೆ ಅಗುಳು ಕೂತಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ, ನೀಲಮ್ಮ ಸನ್ನೆ ಮಾಡಬೇಕಿತ್ತು. ತಿಂಗಳು ಕಳೆದಂತೆ ಅದೂ ಹೋಗುತ್ತದೆ ಎಂದಿದ್ದರು ಡಾಕ್ಟರು.

ಒಂದು ಬೆಳಗ್ಗೆ ಅವಳು ನಡುಮನೆಯಲ್ಲಿ ಕೂತು ಸೀಬೆಕಾಯಿ ಕಚ್ಚಿದಳು. ಕಚಕ್ಕೆಂದು ಸದ್ದಾಯಿತು. ನೀಲಮ್ಮ ಅಡುಗೆಮನೆಯಿಂದ ಓಡಿಬಂದು, ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. ದಾಕ್ಷಿ ಅಗಿಯುತ್ತ, ನಗುತ್ತ, ಉಳಿದ ಅರ್ಧ ಕಾಯಿಯನ್ನು ನನ್ನ ಕೈಗಿಟ್ಟಳು. ಆಗ ನಾನು ಮಾಡಿದ ಕೆಲಸಕ್ಕೆ ಕ್ಷಮೆಯಿಲ್ಲ. ಮಗಳ ಮುಖ ನೋಡುವುದು ಬಿಟ್ಟು ಕಾಯಿಯನ್ನು ಬೆಳಕಿಗೆ ಹಿಡಿದು ಅವಳ ಹಲ್ಲಿನ ಗುರುತು ನೋಡಿದೆ. ಅರ್ಧಚಂದ್ರದಂತೆ ಸಮವಾಗಿತ್ತು, ಎಲ್ಲರದೂ ಇರುವ ಹಾಗೆ. ಅಭ್ಯಾಸ ಬಲದಿಂದ ಬಾಯಿಗೆ ಬಂದೇಬಿಟ್ಟಿತು, "ಯಾರದಿದು?" ಎಂದೆ. ದಾಕ್ಷಿ ಅಗಿಯುವುದನ್ನು ನಿಲ್ಲಿಸಿದಳು. ನಾನು ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿಯಾಗಿತ್ತು.

ಅದೇ ತಿಂಗಳು ಅವಳ ನೌಕರಿ ಕಾಯಂ ಆಗಿ ಆರ್ಡರು ಬಂತು. ಹಂಗಾಮಿಯವರಿಗೆ ಅಚ್ಚು ಬೇಕಿಲ್ಲ. ಕಾಯಂ ಆದವರು ಅರವತ್ತು ದಿನದೊಳಗೆ ಅಚ್ಚು ಕೊಟ್ಟು ಹಾಜರಾಗಬೇಕು, ಇಲ್ಲದಿದ್ದರೆ ಆರ್ಡರು ರದ್ದು. ಐದು ವರ್ಷ ಕಾದಿದ್ದ ಕೆಲಸ. ದಾಕ್ಷಿ ಹಸಿರು ಸೀರೆಯುಟ್ಟು ನನ್ನ ಕೌಂಟರಿಗೆ ಬಂದು ಬಿಲ್ಲೆ ಕಚ್ಚಿ ಕೊಟ್ಟಳು. ನಾನು ತಾಯಿಬಿಲ್ಲೆ ತೆಗೆದು ಪಕ್ಕದಲ್ಲಿಟ್ಟೆ. ಒಂದು ಹಲ್ಲೂ ತಾಳೆಯಾಗಲಿಲ್ಲ. ಎಣ್ಣೆ ಗಾಣದ ಸಿದ್ಲಿಂಗಪ್ಪನವರ ಅಚ್ಚು ಕೂಡ ಅದಕ್ಕಿಂತ ಹತ್ತಿರವಿತ್ತು.

ನಮ್ಮ ಕಚೇರಿಯ ಅಧಿಕಾರಿ ಪರಶಿವಪ್ಪನವರು ಒಳ್ಳೆಯವರು. ನಿಯಮ ಬಿಟ್ಟು ಬೇರೆ ಯಾವ ದುರಭ್ಯಾಸವೂ ಅವರಿಗಿಲ್ಲ. ಅವರು ಭೂತಗನ್ನಡಿ ಹಿಡಿದು ಎರಡೂ ಬಿಲ್ಲೆ ನೋಡಿ, "ಈ ಅಚ್ಚಿನವರು ಬಂದಿಲ್ವಲ್ಲ ರೇವಣಸಿದ್ದಯ್ಯನವರೇ" ಎಂದರು. "ಇವಳೇ ಸ್ವಾಮಿ, ನನ್ನ ಮಗಳು. ನೀವು ಎತ್ತಿ ಆಡಿಸಿದ ಕೂಸು" ಎಂದೆ. "ಗೊತ್ತು. ಪಾಪ, ಚೆನ್ನಾಗೂ ಆಗಿದಾಳೆ. ಆದ್ರೆ ಮೂರನೇ ನಿಯಮ ಏನು ಹೇಳುತ್ತೆ? ತಾಯಿಬಿಲ್ಲೆಗೆ ತಾಳೆಯಾಗುವ ಅಚ್ಚನ್ನು ಕೊಡಬಲ್ಲದ್ದು ಯಾವುದೋ ಅದೇ ವ್ಯಕ್ತಿ. ಈಯಮ್ಮ ಕೊಡ್ತಿಲ್ಲ. ಅಂದ್ಮೇಲೆ ನಿಮ್ಮ ಮಗಳು ಎಲ್ಲೋ ಹೋಗಿದಾಳೆ." ಅವರು ತಮ್ಮ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ನೋಟೀಸು ಹೊರಡಿಸಿ, ಹುಡುಕೋಣ" ಎಂದರು. ಹೀಗೆ ನಾನು ಆ ನೋಟೀಸು ಬರೆಯಬೇಕಾಯಿತು.

ನೋಟೀಸು ಅಂಟಿಸಿದ ಮರುದಿನದಿಂದ ಮನೆಗೆ ಜನ ಬರತೊಡಗಿದರು. ಅಕ್ಕಪಕ್ಕದವರು, ನೆಂಟರು, ಸ್ಕೂಲಿನವರು ಜಗಲಿಯ ಮೇಲೆ ಕೂತು ಸಮಾಧಾನ ಹೇಳಿದರು. ದಾಕ್ಷಿ ಒಬ್ಬೊಬ್ಬರಿಗೂ ಕಾಫಿ ಕೊಟ್ಟಳು. ಹಿಂದಿನ ಬೀದಿಯ ಗಂಗಮ್ಮಕ್ಕ ಲೋಟ ತೆಗೆದುಕೊಂಡು, ದಾಕ್ಷಿಯ ಕೈ ಹಿಡಿದು, "ಯಾರೋ ಏನೋ, ನಿನ್ ಹೊಟ್ಟೆ ತಣ್ಣಗಿರಲಿ ಕಣವ್ವ. ಮಗಳನ್ನ ಕಳಕೊಂಡಿರೋ ಮನೇಲಿ ಇಷ್ಟು ಮಾಡ್ತಿದೀಯ" ಎಂದಳು. ದಾಕ್ಷಿ ಕೂಸಾಗಿದ್ದಾಗ ಈ ಗಂಗಮ್ಮಕ್ಕನೇ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು. "ಅವಳು ಹೆಂಗಿದ್ಲು ಗಂಗಮ್ಮಕ್ಕ?" ಎಂದು ದಾಕ್ಷಿ ಕೇಳಿದಳು. "ಬಂಗಾರದಂಥೋಳು. ಮುಖ ಒಂದು ಸೊಟ್ಟ ಇತ್ತು ಅನ್ನೋದು ಬಿಟ್ರೆ." ದಾಕ್ಷಿ ಒಳಗೆ ಬಂದು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನೋಡದವನಂತೆ ಹೊರಗೆ ಹೋದೆ.

ಅರವತ್ತು ದಿನದಲ್ಲಿ ಇಪ್ಪತ್ತು ಹೀಗೇ ಕಳೆದವು. ದಾರಿ ಹುಡುಕಿದವಳು ನೀಲಮ್ಮ. ಯಾರಿಗೂ ಹೇಳದೆ ಹೊಳೆ ದಾಟಿ ಹೋಗಿ, ಡಾಕ್ಟರನ್ನು ಕಾಡಿಬೇಡಿ, ಆಪರೇಷನ್‌ಗೆ ಮುಂಚೆ ಮಾಡಿದ್ದ ಆ ಪ್ಲಾಸ್ಟರಿನ ಪಡಿಯಚ್ಚನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಸುತ್ತಿ ತಂದಳು. ಕೌಂಟರಿನ ಮೇಲೆ ಡಬ್ಬಿ ಇಟ್ಟು, "ಇದು ಕಚ್ಚುತ್ತೆ, ನೋಡಿ" ಎಂದಳು. ಬಿಲ್ಲೆಯನ್ನು ನಡುವೆ ಇಟ್ಟು ಹಿತ್ತಾಳೆ ಕೀಲನ್ನು ಒತ್ತಿದೆವು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾಯಿತು. ಪರಶಿವಪ್ಪನವರ ಮುಖ ಅರಳಿತು. ಇದಕ್ಕೆ ಪೂರ್ವ ನಿದರ್ಶನವೂ ಇತ್ತು. ಮಾರುಕಟ್ಟೆ ಸಮಿತಿಯ ಅಧ್ಯಕ್ಷ ದ್ಯಾವೇಗೌಡರು ಮುಪ್ಪಿನಲ್ಲಿ ತಮ್ಮ ತಾಯಿಬಿಲ್ಲೆಗೆ ತಾಳೆಯಾಗುವ ಕಟ್ಟುಹಲ್ಲು ಮಾಡಿಸಿಕೊಂಡಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು, ಆದರೆ ಹಲ್ಲನ್ನು ಮಕ್ಕಳು ಮಣ್ಣಿಗೆ ಹಾಕಲಿಲ್ಲ. ಈಗಲೂ ಪ್ರತಿ ಸಭೆಗೆ ಗೌಡರು ಬೆಳ್ಳಿ ಬಟ್ಟಲಿನಲ್ಲಿ ಬರುತ್ತಾರೆ, ಠರಾವಿಗೆ ಕಚ್ಚುತ್ತಾರೆ. ಮುಂಚಿನಂತೆ ಕೂಗಾಡುವುದಿಲ್ಲ ಎಂದು ಸದಸ್ಯರಿಗೆಲ್ಲ ಅವರ ಮೇಲೆ ಪ್ರೀತಿ ಹೆಚ್ಚಿದೆ.

"ಸಿಕ್ಕಿದ್ದಾಳೆ" ಎಂದು ನಾನು ನೋಟೀಸಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ. ಡಬ್ಬಿಯಲ್ಲಿದ್ದ ದಾಕ್ಷಾಯಿಣಿ ಕಾಯಂ ಟೀಚರಾಗಿ ಕೆಲಸಕ್ಕೆ ಸೇರಿದಳು. ನನ್ನ ಮಗಳ ಹೊಸ ಅಚ್ಚು ಯಾವ ಪುಸ್ತಕದಲ್ಲೂ ಇಲ್ಲದ್ದರಿಂದ ಅವಳನ್ನು ಡಬ್ಬಿ ಹೊರುವವಳು ಎಂದು ಬರೆದುಕೊಂಡರು. ಬೆಳಗ್ಗೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹಾಜರಿಗೆ ಕಚ್ಚಿಸುವುದು, ಆಮೇಲೆ ಸಂಜೆಯ ತನಕ ಪಾಠ ಮಾಡುವುದು, ಹೋಗುವಾಗ ಮತ್ತೆ ಕಚ್ಚಿಸುವುದು. ಈಗ ಅವಳು ಸರಸ್ವತಿ ಎಂದು ಸ್ಪಷ್ಟವಾಗಿ ಹೇಳುತ್ತಿದ್ದಳು. ಮಕ್ಕಳು ಒಪ್ಪಲಿಲ್ಲ. ನಮ್ಮ ಟೀಚರು ಡಬ್ಬೀಲಿದಾರೆ, ಅವರು ಹೇಳಲಿ ಎಂದವು. ಹೆಡ್‌ಮಿಸ್ಸು, ಇಷ್ಟರಲ್ಲೇ ಸುಧಾರಿಸಿಕೋ ತಾಯಿ, ಕೆಲಸ ಉಳೀತಲ್ಲ ಎಂದು ಬೆನ್ನು ತಟ್ಟಿದರು.

ಸುಧಾರಿಸಿಕೊಳ್ಳುತ್ತಿದ್ದಳೇನೋ. ಆದರೆ ಒಂದು ತಿಂಗಳಾದಮೇಲೆ ಪರಶಿವಪ್ಪನವರು ಇನ್ನೊಂದು ಆದೇಶ ಹೊರಡಿಸಿದರು. ಮದುವೆಯಾಗದ ಹೆಣ್ಣುಮಗಳು ಗುರುತಿಲ್ಲದವರ ಕೈಯಲ್ಲಿ ಓಡಾಡುವುದು ಸರಿಯಲ್ಲ, ಸ್ಕೂಲಿನ ಹೊತ್ತು ಬಿಟ್ಟರೆ ಡಬ್ಬಿ ತಂದೆಯ ವಶದಲ್ಲಿರತಕ್ಕದ್ದು. ಹಾಗಾಗಿ ಡಬ್ಬಿ ನನ್ನ ಕೋಣೆಗೆ ಬಂತು. ನಿಜ ಹೇಳಬೇಕೆಂದರೆ ನನಗೆ ಸಂತೋಷವೇ ಆಯಿತು. ಎಷ್ಟು ವರ್ಷ ಕಣ್ಣಿಗೊತ್ತಿಕೊಂಡಿದ್ದ ಅಚ್ಚು ಅದು! ಸಂಜೆ ಮುಖ ತೊಳೆದು ಬಂದು ಡಬ್ಬಿ ತೆರೆದು, ಮೆತ್ತನೆ ಪಂಚೆಯ ತುಂಡಿನಿಂದ ಒಂದೊಂದೇ ಹಲ್ಲಿನ ಧೂಳು ಒರೆಸುತ್ತಿದ್ದೆ. ಕೀಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ಯಾವಾಗಲೋ ಒಮ್ಮೆ, ಈಗ ಹೇಳಲು ನಾಚಿಕೆಯಾಗುತ್ತದೆ, "ದಣಿವಾಯ್ತೇನವ್ವ?" ಎಂದುಬಿಟ್ಟೆ. ತಲೆಯೆತ್ತಿದರೆ ಬಾಗಿಲಲ್ಲಿ ದಾಕ್ಷಿ ನಿಂತಿದ್ದಳು. ನನಗೆ ನೀರು ತಂದಿದ್ದಳು.

ಅವಳು ಕೂಗಾಡಲಿಲ್ಲ. ಚೊಂಬನ್ನು ಕೆಳಗಿಟ್ಟು, "ಅಪ್ಪಾಜಿ, ನನ್ನ ಇಷ್ಟು ಚೆನ್ನಾಗಿ ಯಾವತ್ತಾದ್ರೂ ಮಾತಾಡಿಸಿದ್ರಾ ನೀವು?" ಎಂದು ಕೇಳಿದಳು. ನಾನು ಡಬ್ಬಿಯ ಮುಚ್ಚಳ ಹಾಕಿದೆ. "ಅದಕ್ಕೆ ತಲೆನೋವು ಬರಲ್ಲ. ಅದು ಬಾಯಿ ತೆಗೆದುಕೊಂಡು ಮಲಗಲ್ಲ. ನಿಮಗೆ ಬೇಕಾಗಿದ್ದ ಮಗಳು ಅದೇ. ಇಟ್ಕೊಳಿ. ನಾನು ನಾಳೆ ಹೊಸಬರ ಸಾಲಲ್ಲಿ ನಿಲ್ತೀನಿ."

ಹೊಸಬರ ಸಾಲು ಎಂದರೆ ಹೊರಗಿನಿಂದ ಬಂದು ನಮ್ಮ ಊರಿನಲ್ಲಿ ನೆಲೆಸುವವರಿಗೆ ಹೊಸ ತಾಯಿಬಿಲ್ಲೆ ಮಾಡಿಕೊಡುವ ಸಾಲು. ಅವರಿಗೆ ಊರಿನಲ್ಲಿ ಹಿಂದಿನದೇನೂ ಇರುವುದಿಲ್ಲ. ಅಪ್ಪ ಅಮ್ಮ, ಮನೆ, ಓದಿದ್ದು, ಕೆಲಸ ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ. ನೀಲಮ್ಮ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಗುರುವಾರ ಹನ್ನೊಂದು ಗಂಟೆಗೆ ಪಾತ್ರೆಗೆ ಕಲಾಯಿ ಹಾಕುವ ಒಂದು ಸಂಸಾರದ ಹಿಂದೆ, ನನ್ನದೇ ಕೌಂಟರಿನ ಮುಂದೆ, ದಾಕ್ಷಿ ನಿಂತಿದ್ದಳು. ಅದೇ ಹಸಿರು ಸೀರೆ. ಹಾಜರಿಯ ಲೆಕ್ಕ ತಾಳೆ ನೋಡಲೆಂದು ಡಬ್ಬಿಯೂ ಅಂದು ನನ್ನ ಮೇಜಿನ ಮೇಲೆ ಇತ್ತು.

"ಹೆಸರು?" ಎಂದೆ. ಫಾರಂ ತುಂಬುವುದು ನನ್ನ ಕೆಲಸ.

"ದಾಕ್ಷಾಯಿಣಿ."

"ಆ ಹೆಸರಿನವರು ಒಬ್ಬರಿದಾರೆ."

"ಇರ್ಲಿ ಬಿಡಿ. ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು."

"ತಂದೆ ಹೆಸರು?"

ಅವಳು ನನ್ನನ್ನು ನೋಡಿದಳು. ಪರಶಿವಪ್ಪನವರು ಒಳಗಿನಿಂದ ಎದ್ದುಬಂದು, ನನಗೆ ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ, "ತಿಳಿದಿಲ್ಲ ಅಂತ ಬರೆದುಬಿಡಿ ರೇವಣಸಿದ್ದಯ್ಯನವರೇ. ನಿಮಗೆ ಒಬ್ಬಳೇ ಮಗಳು, ಅವಳು ಅಗೋ ಡಬ್ಬೀಲಿದಾಳೆ. ಎರಡು ಮಾಡೋಕೆ ಬರಲ್ಲ" ಎಂದರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯಿತ್ತು. ಇಪ್ಪತ್ತೊಂಬತ್ತು ವರ್ಷ ಅವರು ಹೇಳಿದ್ದನ್ನು ಬರೆದ ಕೈ ತಾನಾಗಿಯೇ ಹೊರಟು, "ತಿ" ಎಂದು ಬರೆದುಬಿಟ್ಟಿತು. ಅಷ್ಟರಲ್ಲಿ ತಲೆಯೆತ್ತಿದೆ. ದಾಕ್ಷಿಯ ಕೆಳತುಟಿಯ ಮೂಲೆಯಲ್ಲಿ, ಜೋಮು ಹಿಡಿದ ಕಡೆ, ಬೆಳಗಿನ ಉಪ್ಪಿಟ್ಟಿನ ಒಂದು ರವೆಕಾಳು ಕೂತಿತ್ತು. ಅವಳಿಗೆ ತಿಳಿದಿರಲಿಲ್ಲ. ಗದ್ದ ಗಟ್ಟಿಮಾಡಿಕೊಂಡು, ಅಳಬಾರದೆಂದು ನಿಶ್ಚಯಿಸಿ, ತುಟಿಯ ಮೇಲೆ ರವೆಕಾಳು ಇಟ್ಟುಕೊಂಡು ನಿಂತಿದ್ದಳು. ಹಲ್ಲು ನೋಡದೆ ಒಬ್ಬರ ಮುಖ ನೋಡಿದ್ದು ನನ್ನ ಸರ್ವೀಸಿನಲ್ಲೇ ಅದು ಮೊದಲು. ಇವಳನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ ಎಂದು ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು.

ನಾನು ಪೆನ್ನು ಕೆಳಗಿಟ್ಟೆ. ಡಬ್ಬಿ ತೆರೆದೆ. ಪಡಿಯಚ್ಚನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಎದೆಯ ಮಟ್ಟಕ್ಕೆ ಹಿಡಿದು, ಕಲ್ಲುಚಪ್ಪಡಿಯ ಮೇಲೆ ಬಿಟ್ಟೆ.

"ಅಯ್ಯಯ್ಯೋ, ನಿಮ್ಮ ಮಗಳು!" ಎಂದು ಪರಶಿವಪ್ಪನವರು ಕೂಗಿದರು. ಸಾಲಿನಲ್ಲಿದ್ದ ಕಲಾಯಿಯ ಹೆಂಗಸು ಮಗುವನ್ನು ಎದೆಗವಚಿಕೊಂಡಳು. "ನನ್ನ ಮಗಳು ಇಲ್ಲಿ ಸಾಲಲ್ಲಿ ನಿಂತಿದಾಳೆ ಸ್ವಾಮಿ" ಎಂದೆ. ಪ್ಲಾಸ್ಟರು ಚೂರುಚೂರಾಗಿ ಕೌಂಟರಿನ ಕೆಳಗೆಲ್ಲ ಹರಡಿತ್ತು. ಹಿತ್ತಾಳೆ ಕೀಲು ಮಾತ್ರ ಬಾಗಿಲ ತನಕ ಹೋಗಿ ನಿಂತಿತು. ಪರಶಿವಪ್ಪನವರು ಕುರ್ಚಿಯಲ್ಲಿ ಕೂತು, ನೀರು ಕುಡಿದು, ಆಮೇಲೆ ಮರಣದ ಪುಸ್ತಕ ತರಿಸಿಕೊಂಡರು. "ಕೈ ಜಾರಿತು ಅಂತ ಬರ್ಕೊಳ್ಳಲಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾನು ಮೊದಲೇ ಹೇಳಿದೆನಲ್ಲ, ಒಳ್ಳೆಯವರು. "ಜಾರಲಿಲ್ಲ" ಎಂದೆ. ಅವರು ಜಾರಿತು ಎಂದೇ ಬರೆದುಕೊಂಡರು.

ಒಬ್ಬಳೇ ಮಗಳನ್ನು ಕಳೆದುಕೊಂಡ ನೌಕರನಿಗೆ ಮೂರು ದಿನ ರಜೆ ಕೊಡಬೇಕೆಂಬ ನಿಯಮವಿದೆ. ಕೊಟ್ಟರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಕ್ಕಪಕ್ಕದವರು ಊಟ ತಂದರು. ಗಂಗಮ್ಮಕ್ಕ ಎದೆ ಬಡಿದುಕೊಂಡು ಅತ್ತು, ಒಂದು ಬುಟ್ಟಿ ಅಕ್ಕಿರೊಟ್ಟಿ ಇಟ್ಟು ಹೋದಳು. ದಾಕ್ಷಿ ಒಂದೊಂದನ್ನೇ ಅಂಚಿನಿಂದ ಕಚ್ಚುತ್ತ ಐದು ತಿಂದಳು. ಅವಳ ಕಾಯಂ ಕೆಲಸ ಹೋಯಿತು. ಟೀಚರು ತೀರಿಹೋದದ್ದರಿಂದ ಜಾಗ ಖಾಲಿ ಎಂದು ಹೆಡ್‌ಮಿಸ್ಸು ಬೋರ್ಡಿನಲ್ಲಿ ಬರೆಸಿದರು. ಆದರೆ ಹೊಸಬರ ಸಾಲಿನಲ್ಲಿ ಅವಳು ಅಂದೇ ಕೊಟ್ಟ ಅಚ್ಚು ತಾಯಿಬಿಲ್ಲೆಯಾಗಿ ಬೀರು ಸೇರಿತ್ತು. ಮುಂದಿನ ವಾರವೇ ಅವಳನ್ನು ಅನುಭವವಿಲ್ಲದ ಹೊಸ ಟೀಚರೆಂದು ಹಂಗಾಮಿಯಾಗಿ ತೆಗೆದುಕೊಂಡರು. "ಮೊದಲಿಂದ ಶುರು" ಎಂದು ಅವಳು ನೀಲಮ್ಮನ ಹತ್ತಿರ ಹೇಳುತ್ತಿದ್ದುದು ನನಗೆ ಕೇಳಿಸಿತು. ದನಿಯಲ್ಲಿ ಬೇಸರವಿರಲಿಲ್ಲ.

ಫಾರಮ್ಮಿನಲ್ಲಿ ತಂದೆಯ ಹೆಸರಿನ ಮುಂದೆ ಆ "ತಿ" ಹಾಗೇ ಉಳಿದಿತ್ತು. ರಜೆ ಮುಗಿದ ದಿನ ನಾನು ಪರಶಿವಪ್ಪನವರ ಮುಂದೆ ನಿಂತು, "ಮಕ್ಕಳಿಲ್ಲದವರು ದತ್ತು ತೆಗೆದುಕೊಳ್ಳೋಕೆ ಬರುತ್ತಲ್ವಾ ಸ್ವಾಮಿ?" ಎಂದೆ. ಅವರು ನಿಯಮದ ಪುಸ್ತಕ ತಿರುವಿ ನೋಡಿ, ಬರುತ್ತದೆ, ಈಗ ನಿಮಗೆ ಮಕ್ಕಳಿಲ್ಲವಲ್ಲ ಎಂದು ಕನಿಕರದಿಂದ ಹೇಳಿದರು. ಒಂದೇ ಬಿಲ್ಲೆಯಲ್ಲಿ ಒಂದು ಬದಿಗೆ ಅಪ್ಪ ಕಚ್ಚಬೇಕು, ಇನ್ನೊಂದು ಬದಿಗೆ ದತ್ತು ಬರುವವರು. ಅಲ್ಲೇ ನಿಂತು ನನ್ನ ಬದಿಗೆ ನಾನು ಕಚ್ಚಿದೆ. ಸಂಜೆ ಬಿಲ್ಲೆಯನ್ನೂ ದತ್ತಿನ ಫಾರಮ್ಮನ್ನೂ ತಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗಿ, ಜಗಲಿಯ ಮೇಲೆ ಮಕ್ಕಳ ಕಾಪಿ ತಿದ್ದುತ್ತಿದ್ದ ದಾಕ್ಷಿಯ ಮುಂದೆ ಹಿಡಿದೆ. ಅವಳು ಫಾರಂ ಓದಿದಳು. ನನ್ನ ಹಲ್ಲಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ವಯಸ್ಸಿಗೆ ಬಂದವರಾದ್ರೆ ಅವರ ಒಪ್ಪಿಗೆ ಬೇಕು ಅಂತ ಇದೆ" ಎಂದಳು.

"ಹೌದವ್ವ."

"ಟೈಮ್ ಎಷ್ಟಿದೆ?"

"ಮೂವತ್ತು ದಿನ."

"ಹಂಗಾದ್ರೆ ಯೋಚನೆ ಮಾಡಿ ಹೇಳ್ತೀನಿ ಗುಮಾಸ್ತರೇ" ಎಂದು ಬಿಲ್ಲೆಯನ್ನು ನನ್ನ ಕೈಗೇ ಕೊಟ್ಟು ಕಾಪಿ ತಿದ್ದತೊಡಗಿದಳು.

ಅಂದಿನಿಂದ ಅವಳು ನನ್ನನ್ನು ಗುಮಾಸ್ತರೇ ಎಂದೇ ಕರೆಯುತ್ತಾಳೆ. ಕಾಫಿ ಕೊಡುತ್ತಾಳೆ, ನನ್ನ ಅಂಗಿ ಒಗೆದು ಹಾಕುತ್ತಾಳೆ, ಕೇಳಿದ್ದಕ್ಕೆ ನಗುತ್ತಲೇ ಉತ್ತರ ಹೇಳುತ್ತಾಳೆ. ನೀಲಮ್ಮನಿಗೆ ಶಿಫಾರಸು ಮಾಡು ಎಂದರೆ, ನಾನ್ಯಾಕೆ ಮಧ್ಯೆ ಬರಲಿ, ಅದು ನಿಮ್ಮಿಬ್ಬರ ಕಚೇರಿ ವ್ಯವಹಾರ ಎನ್ನುತ್ತಾಳೆ. ನಿನ್ನೆ ಮಧ್ಯಾಹ್ನ ದಾಕ್ಷಿ ಕಬ್ಬಿನ ಜಲ್ಲೆಯೊಂದನ್ನು ಹಲ್ಲಿನಿಂದಲೇ ಸಿಗಿದು ತಿನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. "ಏನು ಗುಮಾಸ್ತರೇ, ಹಲ್ಲು ನೋಡ್ತಿದೀರಾ?" ಎಂದಳು. ಇಲ್ಲ, ನೀನು ತಿನ್ನೋದು ನೋಡ್ತಿದೀನಿ ಎಂದೆ. ಅವಳು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು, ಕೌಂಟರಿನ ಆಚೆ ಬಂದು ನಿಂತ ಯಾರದೋ ಕಾಗದಪತ್ರವನ್ನು ನಾನು ತಾಳೆ ನೋಡುತ್ತೇನಲ್ಲ, ಅಷ್ಟು ಹೊತ್ತು. ಆಮೇಲೆ ಜಲ್ಲೆಯ ಒಂದು ತುಂಡು ಮುರಿದು ನನ್ನ ಕೈಗೆ ಕೊಟ್ಟಳು. ಇಂದಿಗೆ ಇಪ್ಪತ್ತೆರಡು ದಿನವಾಯಿತು. ನಿಯಮದ ಪ್ರಕಾರ ಇನ್ನು ಎಂಟು ದಿನ ನಾನು ಅವಳಿಗೆ ಯಾರೂ ಅಲ್ಲ.